ಹನಿ, ಚಮಚ, ಮೈಕ್ರೋಲೀಟರ್: ಅಲ್ಪ ಪ್ರಮಾಣದ ದ್ರವವನ್ನು ಅಳೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ರಾಯಚೂರಿನ ಪದವಿ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿರುವ ನನ್ನನ್ನು ವಿದ್ಯಾರ್ಥಿಗಳು ಮಾತ್ರವಲ್ಲ, ನೆರೆಮನೆಯ ತಾಯಂದಿರು, ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆಯ ರೈತರು, ಹಾಲಿನ ಡೇರಿಯ ಪರೀಕ್ಷಕರು ಕೂಡ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತ ಬಂದಿದ್ದಾರೆ. ಅವುಗಳನ್ನು ಕೇಳಿದವರ ಮಾತಿನಲ್ಲಿಯೇ ಇಟ್ಟು, ಮನೆಯಿಂದ ಆರಂಭಿಸಿ, ತೀರ ಸಣ್ಣ ಪ್ರಮಾಣದ ದ್ರವವನ್ನು ಎಳೆದು ಬಿಡುವ ಪ್ರಯೋಗಾಲಯದ ಸಾಧನವಾದ ಮೈಕ್ರೋಪಿಪೆಟ್‌ವರೆಗೆ ಇಲ್ಲಿ ಉತ್ತರಿಸಿದ್ದೇನೆ.

## ಮನೆಯಲ್ಲಿ

ಲೀಟರ್ ಹಾಲು ಅಳೆಯೋವಾಗ ಇಲ್ಲದ ತೊಂದ್ರಿ ಐದು ಹನಿ ಔಷಧಕ್ಕ ಯಾಕ್ ಬರ್ತದ್ರಿ?

ಅಳೆಯುವುದಕ್ಕಿಂತ, ಅಳೆದದ್ದನ್ನು ಪೂರ್ತಿಯಾಗಿ ಇನ್ನೊಂದು ಪಾತ್ರೆಗೆ ಮುಟ್ಟಿಸುವುದರಲ್ಲಿಯೇ ಹೆಚ್ಚಿನ ತೊಂದರೆ ಇದೆ. ಚೊಂಬಿನಿಂದ ಹಾಲು ಸುರಿದಾಗ ಅದರ ಒಳಮೈಗೆ ತೆಳುವಾದ ಪದರವೊಂದು ಅಂಟಿಕೊಂಡು ಉಳಿಯುತ್ತದೆ. ಲೀಟರಿನಲ್ಲಿ ಒಂದೆರಡು ಮಿಲಿಲೀಟರ್ ಹೋದರೆ ಯಾರೂ ಗಮನಿಸುವುದಿಲ್ಲ. ಪಾತ್ರೆಯ ಉದ್ದ, ಅಗಲ, ಎತ್ತರ ಮೂರನ್ನೂ ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದು ಹಿಡಿಯುವ ದ್ರವ ಸಾವಿರದಲ್ಲಿ ಒಂದು ಪಾಲಾಗುತ್ತದೆ, ಆದರೆ ದ್ರವ ಅಂಟಿಕೊಳ್ಳುವ ಒಳಮೈ ನೂರರಲ್ಲಿ ಒಂದು ಪಾಲಿಗೆ ಮಾತ್ರ ಇಳಿಯುತ್ತದೆ. ಅಂದರೆ ಪಾತ್ರೆ ಚಿಕ್ಕದಾದಷ್ಟೂ ಗೋಡೆಯ ಪಾಲು ಹೆಚ್ಚು, ನಿಮ್ಮ ಪಾಲು ಕಡಿಮೆ. ಮುಂದಿನ ಉತ್ತರಗಳಲ್ಲಿ ಬರುವ ತಾಪತ್ರಯಗಳಲ್ಲಿ ಬಹುಪಾಲು ಇದೊಂದರಿಂದಲೇ ಹುಟ್ಟಿದವು.

ಒಂದು ಚಮಚ ಅಂದ್ರೆ ಎಷ್ಟು?

ಔಷಧದ ಚೀಟಿಯಲ್ಲಿ ಟೀ ಚಮಚ ಎಂದರೆ 5 ಮಿ.ಲೀ. ಮನೆಯ ಚಮಚಗಳಿಗೆ ಅಂಥ ಕಟ್ಟುಪಾಡಿಲ್ಲ. ಉಪ್ಪಿನಕಾಯಿ ಬರಣಿಯ ಚಮಚಕ್ಕೂ ಚಹಾದ ಚಮಚಕ್ಕೂ ಒಂದೂವರೆ ಪಟ್ಟು ವ್ಯತ್ಯಾಸ ಬಂದರೂ ಆಶ್ಚರ್ಯವಿಲ್ಲ. ಅಂಚಿನವರೆಗೆ ತುಂಬಿದ್ದೋ, ಚೆಲ್ಲದಂತೆ ತುಸು ಕಡಿಮೆ ತುಂಬಿದ್ದೋ ಎಂಬ ಅನುಮಾನ ಬೇರೆ. ಬಾಟಲಿಯ ಜೊತೆ ಬಂದ ಗೆರೆ ಇರುವ ಮುಚ್ಚಳವನ್ನೋ ಸೂಜಿ ಇಲ್ಲದ ಸಿರಿಂಜನ್ನೋ ಬಳಸುವುದು ಸರಿಯಾದ ದಾರಿ.

ಮಗುವಿನ ಜ್ವರದ ಡ್ರಾಪ್ಸ್ ಬಾಟ್ಲಿ ಡ್ರಾಪರ್ ಒಡೆದದ. ಹಳೇ ಬಾಟ್ಲಿದು ಹಚ್ಚಿದ್ರ ನಡೀತದಾ?

ನಡೆಯುವುದಿಲ್ಲ. ಡ್ರಾಪರಿನ ಮೇಲಿನ ಗೆರೆಗಳು ಆಯಾ ಬಾಟಲಿಯ ಔಷಧಕ್ಕಾಗಿ ಹಾಕಿದವು, ಇನ್ನೊಂದು ಔಷಧಕ್ಕೆ ಅವು ಹೊಂದಬೇಕೆಂದೇನಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಡ್ರಾಪ್ಸ್ ಮತ್ತು ಸಿರಪ್ ಎರಡನ್ನೂ ಒಂದೇ ಎಂದು ತಿಳಿಯುವುದರಲ್ಲಿದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಪ್ಯಾರಾಸಿಟಮಾಲ್ ಡ್ರಾಪ್ಸ್‌ನ 1 ಮಿ.ಲೀ.ನಲ್ಲಿ 100 ಮಿಲಿಗ್ರಾಂ ಔಷಧವಿರುತ್ತದೆ; 5 ಮಿ.ಲೀ.ಗೆ 125 ಮಿಲಿಗ್ರಾಂ ಇರುವ ಸಿರಪ್‌ನ 1 ಮಿ.ಲೀ.ನಲ್ಲಿ ಇರುವುದು 25 ಮಿಲಿಗ್ರಾಂ ಮಾತ್ರ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಮಗುವಿಗೆ ನಾಲ್ಕು ಪಟ್ಟು ಔಷಧ ಹೋಗುತ್ತದೆ. ಡ್ರಾಪರ್ ಒಡೆದರೆ ಔಷಧದ ಅಂಗಡಿಯಿಂದ ಸೂಜಿ ಇಲ್ಲದ 1 ಅಥವಾ 2 ಮಿ.ಲೀ. ಸಿರಿಂಜ್ ತಂದು, ವೈದ್ಯರು ಬರೆದ ಮಿಲಿಲೀಟರಿನಷ್ಟೇ ಎಳೆದುಕೊಳ್ಳಿರಿ. ಒಳಗಿನ ರಬ್ಬರು ದ್ರವಕ್ಕೆ ತಾಗುವ ಅಂಚು ಯಾವ ಗೆರೆಯಲ್ಲಿದೆಯೋ ಅದೇ ಅಳತೆ. ಗುಳ್ಳೆ ಬಂದರೆ ಸಿರಿಂಜಿನ ಬಾಯಿಯನ್ನು ಮೇಲಕ್ಕೆ ಹಿಡಿದು, ಬೆರಳಿನಿಂದ ತಟ್ಟಿ, ಗಾಳಿಯನ್ನು ಹೊರಗೆ ದೂಡಿ ಮತ್ತೆ ಎಳೆಯಬೇಕು. ನಮ್ಮ ಅಜ್ಜಿಯರು ಕೂಸಿಗೆ ಹಾಲು, ಬಜೆಯ ನೀರು ಕುಡಿಸುತ್ತಿದ್ದ ಒಳಲೆ ದ್ರವ ಸಾಗಿಸುವುದಕ್ಕೆ ಬಹಳ ಜಾಣತನದ ಸಾಧನ, ಆದರೆ ಅದರಲ್ಲಿ ಗೆರೆಗಳಿಲ್ಲ. ಆದ್ದರಿಂದ ಔಷಧದ ಮಟ್ಟಿಗೆ ಅದನ್ನು ಗೂಟಕ್ಕೆ ತೂಗುಹಾಕುವುದೇ ಒಳ್ಳೆಯದು.

ಒಂದು ಮಿ.ಲೀ.ಗೆ ಎಷ್ಟು ಹನಿ ಸರ್?

ನೀರಾದರೆ, ಸಾಮಾನ್ಯ ಡ್ರಾಪರಿನಲ್ಲಿ, ಅದನ್ನು ನೆಟ್ಟಗೆ ಹಿಡಿದಾಗ ಸುಮಾರು 20. ಈ ಮೂರು ಷರತ್ತುಗಳಲ್ಲಿ ಒಂದು ತಪ್ಪಿದರೂ ಲೆಕ್ಕ ಬದಲಾಗುತ್ತದೆ. ಡ್ರಾಪರಿನ ತುದಿಯಲ್ಲಿ ಹನಿ ಊದಿಕೊಳ್ಳುತ್ತ ಹೋಗುವಾಗ ಅದನ್ನು ಹಿಡಿದಿಡುವುದು ತುದಿಯ ಸುತ್ತಳತೆಯಲ್ಲಿ ಕೆಲಸ ಮಾಡುವ ಮೇಲ್ಮೈ ಎಳೆತ, ಅಂದರೆ ದ್ರವದ ಮೇಲ್ಮೈ ತನ್ನನ್ನು ತಾನೇ ಬಿಗಿಹಿಡಿದುಕೊಳ್ಳುವ ಬಲ. ಹನಿಯ ಭಾರ ಆ ಎಳೆತವನ್ನು ಮೀರಿದ ಕ್ಷಣ ಅದು ಕುತ್ತಿಗೆ ಸಣ್ಣಗಾಗಿ ಕಳಚಿ ಬೀಳುತ್ತದೆ. ತುದಿ ದಪ್ಪವಾದಷ್ಟೂ ಹನಿ ದೊಡ್ಡದು, ಎಳೆತ ಹೆಚ್ಚಾದಷ್ಟೂ ಹನಿ ದೊಡ್ಡದು ಎಂಬ ಈ ಸಂಬಂಧವನ್ನು ಥಾಮಸ್ ಟೇಟ್ 1864ರಲ್ಲಿ ಪ್ರಕಟಿಸಿದರು. ನೀರಿನ ಮೇಲ್ಮೈ ಎಳೆತ ಮೀಟರಿಗೆ ಸುಮಾರು 72 ಮಿಲಿನ್ಯೂಟನ್, ಆಲ್ಕೋಹಾಲಿನದು ಸುಮಾರು 22. ಹೀಗಾಗಿ ಅದೇ ಡ್ರಾಪರಿನಿಂದ ಆಲ್ಕೋಹಾಲ್ ಬಿಟ್ಟರೆ 1 ಮಿ.ಲೀ.ಗೆ ಐವತ್ತರ ಆಸುಪಾಸಿನಷ್ಟು ಹನಿಗಳಾಗುತ್ತವೆ. ಆಸ್ಪತ್ರೆಯ ಡ್ರಿಪ್ ಸೆಟ್‌ಗಳ ಪೊಟ್ಟಣದ ಮೇಲೆ 1 ಮಿ.ಲೀ.ಗೆ 10, 15, 20 ಅಥವಾ 60 ಹನಿ ಎಂದು ಬೇರೆ ಬೇರೆಯಾಗಿ ಮುದ್ರಿಸಿರುವುದಕ್ಕೂ ತುದಿಯ ಗಾತ್ರವೇ ಕಾರಣ.

ಇದೇ ಸಂದರ್ಭದಲ್ಲಿ ಕಣ್ಣಿನ ಹನಿಯ ಬಗ್ಗೆಯೂ ಹೇಳಿಬಿಡುತ್ತೇನೆ. ಒಂದು ಹನಿ ಸಾಮಾನ್ಯವಾಗಿ 30ರಿಂದ 50 ಮೈಕ್ರೋಲೀಟರ್ (ಮಿಲಿಲೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರೋಲೀಟರ್) ಇದ್ದರೆ, ಕಣ್ಣು ಚೆಲ್ಲದೆ ಹಿಡಿದುಕೊಳ್ಳುವುದೇ 30ರಷ್ಟು. ಒಂದರ ಮೇಲೊಂದು ಎರಡು ಹನಿ ಬಿಟ್ಟರೆ ಎರಡನೆಯದು ಕೆನ್ನೆಗೆ ಹೋಗುತ್ತದೆ.

ಇನ್ಸುಲಿನ್‌ಗೆ ಕೆಂಪು ಮುಚ್ಚಳದ ಸಿರಿಂಜ್ ಸಿಗ್ಲಿಲ್ಲ, ಕಿತ್ತಳೆ ಬಣ್ಣದ್ದು ಕೊಟ್ರು. ಎರಡೂ ಒಂದೇ ಅಲ್ವಾ?

ಒಂದೇ ಅಲ್ಲ, ಮತ್ತು ಈ ಪುಟದಲ್ಲಿ ಅತ್ಯಂತ ಗಮನವಿಟ್ಟು ಓದಬೇಕಾದ ಉತ್ತರ ಇದು. ಕೆಂಪು ಮುಚ್ಚಳದ್ದು ಯು-40, ಅಂದರೆ 1 ಮಿ.ಲೀ.ನಲ್ಲಿ 40 ಯುನಿಟ್ ಇರುವ ಇನ್ಸುಲಿನ್ನಿಗೆ ಗೆರೆ ಹಾಕಿದ ಸಿರಿಂಜ್. ಕಿತ್ತಳೆ ಮುಚ್ಚಳದ್ದು ಯು-100. ಯು-40 ಬಾಟಲಿಯ ಔಷಧವನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 0.2 ಮಿ.ಲೀ., ಅಂದರೆ 20 ಯುನಿಟ್ ಅಲ್ಲ, 8 ಯುನಿಟ್. ತಿರುಗಾಮುರುಗಾ ಆದರೆ ಪ್ರಾಣಕ್ಕೇ ಸಂಚಕಾರ: ಯು-100 ಔಷಧವನ್ನು ಕೆಂಪು ಸಿರಿಂಜಿನಲ್ಲಿ 20ರ ಗೆರೆಗೆ ಎಳೆದರೆ ಅರ್ಧ ಮಿ.ಲೀ., ಅಂದರೆ 50 ಯುನಿಟ್ ಒಳಗೆ ಹೋಗುತ್ತದೆ. ಬಾಟಲಿಯ ಮೇಲಿನ ಅಂಕಿಯೂ ಸಿರಿಂಜಿನ ಮೇಲಿನ ಅಂಕಿಯೂ ಒಂದೇ ಆಗಿರದಿದ್ದರೆ ಅಂಗಡಿಗೆ ಹಿಂತಿರುಗಿಸಿರಿ, ಮನೆಯಲ್ಲಿ ಲೆಕ್ಕ ಹಾಕಿ ಸರಿಮಾಡಿಕೊಳ್ಳಲು ಹೋಗಬೇಡಿರಿ.

ಅತ್ತರು ದೊಡ್ಡ ಬಾಟ್ಲಿಯಿಂದ ಸಣ್ಣದಕ್ಕೆ ಹಾಕೋವಾಗ ಅರ್ಧ ಬಾಟ್ಲಿ ಹೊರಮೈಗೇ ಇಳೀತದ. ಏನ್ಮಾಡ್ಬೇಕು?

ನಿಧಾನವಾಗಿ ಸುರಿದಾಗ ದ್ರವಕ್ಕೆ ಬಾಯಿಯ ಅಂಚಿನಿಂದ ಜಿಗಿಯುವಷ್ಟು ವೇಗ ಇರುವುದಿಲ್ಲ. ಅದು ಗಾಜಿಗೆ ಅಂಟಿಕೊಂಡು, ಅಂಚು ಬಳಸಿ, ಕೆಳಗಿಳಿದು ನಿಮ್ಮ ಬೆರಳು ಸೇರುತ್ತದೆ. ಚಹಾದ ಕಿಟ್ಲಿ ಮೇಜು ಒದ್ದೆ ಮಾಡುವುದೂ ಹೀಗೆಯೇ. ಪ್ರಯೋಗಾಲಯದಲ್ಲಿ ನಾವು ಬಾಟಲಿಯ ಬಾಯಿಗೆ ಗಾಜಿನ ಕಡ್ಡಿ ತಾಗಿಸಿ, ದ್ರವ ಕಡ್ಡಿಯ ಗುಂಟ ಇಳಿಯುವಂತೆ ಮಾಡುತ್ತೇವೆ, ಏಕೆಂದರೆ ಹೇಗಿದ್ದರೂ ಅಂಟಿಕೊಳ್ಳುವ ದ್ರವಕ್ಕೆ ಅಂಟಿಕೊಳ್ಳುವ ಜಾಗವನ್ನು ನಾವೇ ತೋರಿಸುವುದು ಲೇಸು. 3, 6, 12 ಮಿ.ಲೀ. ಶೀಶೆಗಳಿಗೆ ಮಾತ್ರ ಸುರಿಯುವ ಸಾಹಸವನ್ನೇ ಬಿಟ್ಟು ಸಿರಿಂಜ್ ಬಳಸಿರಿ. ಅತ್ತರಿನ ವ್ಯಾಪಾರದಲ್ಲಿ 12 ಮಿ.ಲೀ. ಶೀಶೆಗೆ ಒಂದು ತೊಲ ಎನ್ನುವ ರೂಢಿಯಿದೆ. ತೊಲ ನಿಜವಾಗಿ 11.66 ಗ್ರಾಂ ತೂಕ. ತೂಕವನ್ನೂ ಗಾತ್ರವನ್ನೂ ಬೆರೆಸಿದ ಈ ರೂಢಿಯ ಬಗ್ಗೆ ಅಂಗಡಿಯವರೊಡನೆ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ.

## ಹೊಲ, ಡೇರಿ, ಬೋರಿನ ನೀರು

ಎಣ್ಣಿ ಹೊಡಿಯೋವಾಗ ಬಾಟ್ಲಿ ಮುಚ್ಚಳದಾಗ ಅಳೆದು ಹಾಕಿದ್ರ ಸಾಕಲ್ರಿ?

ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಸೀಮೆಯಲ್ಲಿ ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಮುಚ್ಚಳದ ಅಳತೆ ಎಷ್ಟು ಎಂದು ಅದರ ಮೇಲೆ ಬರೆದಿರದಿದ್ದರೆ ಅದು ಅಳತೆಯೇ ಅಲ್ಲ. ಒಂದು ಕೀಟನಾಶಕದ ಚೀಟಿಯ ಮೇಲೆ ಲೀಟರ್ ನೀರಿಗೆ 0.3 ಮಿ.ಲೀ. ಎಂದಿದೆ ಎಂದು ಇಟ್ಟುಕೊಳ್ಳೋಣ. 16 ಲೀಟರಿನ ಬೆನ್ನಿನ ಪಂಪಿಗೆ ಬೇಕಾದದ್ದು 4.8 ಮಿ.ಲೀ. ಮುಚ್ಚಳ 10 ಮಿ.ಲೀ. ಹಿಡಿಯುವುದಾದರೆ ಒಂದು ಮುಚ್ಚಳ ಎಂದರೆ ದುಪ್ಪಟ್ಟಿಗಿಂತ ಹೆಚ್ಚು. ಅಷ್ಟು ದುಬಾರಿ ಔಷಧ ನೆಲಕ್ಕೆ ಹೋಗುವುದಲ್ಲದೆ ಎಲೆಯೂ ಸುಡಬಹುದು.

ಸಣ್ಣ ಅಳತೆಯನ್ನು ಹತ್ತು ಸಲ ಮಾಡುವುದಕ್ಕಿಂತ ದೊಡ್ಡ ಅಳತೆಯನ್ನು ಒಂದೇ ಸಲ ಮಾಡುವುದು ಮೇಲು. ಆ ದಿನ ಹತ್ತು ಪಂಪು ಹೊಡೆಯುವುದಿದ್ದರೆ, ಗೆರೆಯಿರುವ ಅಳತೆಗ್ಲಾಸಿನಲ್ಲಿ 48 ಮಿ.ಲೀ. ಔಷಧ ತೆಗೆದುಕೊಂಡು, ನೀರು ಬೆರೆಸಿ ಒಟ್ಟು 1 ಲೀಟರ್ ಮಾಡಿ, ಪ್ರತಿ ಪಂಪಿಗೂ 100 ಮಿ.ಲೀ. ಹಾಕಿರಿ. 100 ಮಿ.ಲೀ.ನಲ್ಲಿ ಒಂದೆರಡು ಮಿ.ಲೀ. ಹೆಚ್ಚುಕಡಿಮೆಯಾದರೆ ನೂರಕ್ಕೆ ಒಂದೆರಡು ಪಾಲು ತಪ್ಪು ಅಷ್ಟೇ, 4.8ರಲ್ಲಿ ಅದೇ ತಪ್ಪು ಪೈರಿನ ಮೇಲೆ ಎದ್ದು ಕಾಣುತ್ತದೆ. ಪ್ರತಿ ಸಲವೂ ಕಲಕಿ ಹಾಕಬೇಕು, ಅದೇ ದಿನ ಮುಗಿಸಬೇಕು, ಕೈಗವಸು ಹಾಕಿಕೊಳ್ಳಬೇಕು. ಅಳತೆಗ್ಲಾಸನ್ನು ಮೂರು ಸಲ ನೀರಿನಿಂದ ತೊಳೆದು ಆ ನೀರನ್ನು ಪಂಪಿಗೇ ಸುರಿಯಿರಿ, ಏಕೆಂದರೆ ಗ್ಲಾಸಿನ ಗೋಡೆಗೆ ಅಂಟಿದ್ದೂ ನಿಮ್ಮ ದುಡ್ಡೇ. ಬೆರೆಸಿದ ಔಷಧವನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ಯಾವ ಕಾರಣಕ್ಕೂ ಇಡಬೇಡಿರಿ.

ಡೇರಿಯಲ್ಲಿ ಫ್ಯಾಟ್ ನೋಡೋಕೆ ಹಾಲು 10.75 ಮಿ.ಲೀ. ಯಾಕೆ? ಹತ್ತೋ ಹನ್ನೊಂದೋ ಯಾಕಲ್ಲ?

ಗರ್ಬರ್ ವಿಧಾನದಲ್ಲಿ ವಿಶೇಷ ಗಾಜಿನ ಕೊಳವೆಗೆ 10 ಮಿ.ಲೀ. ಗಂಧಕಾಮ್ಲ, 10.75 ಮಿ.ಲೀ. ಹಾಲು, 1 ಮಿ.ಲೀ. ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸುತ್ತಾರೆ. ಹಾಲಿನ ಸಾಂದ್ರತೆ ಸುಮಾರು 1.03 ಇರುವುದರಿಂದ 10.75 ಮಿ.ಲೀ. ಹಾಲು ಸುಮಾರು 11 ಗ್ರಾಂ ತೂಗುತ್ತದೆ. ಕೊಳವೆಯ ಕುತ್ತಿಗೆಯ ಮೇಲಿನ ಗೆರೆಗಳನ್ನು ಆ ಪ್ರಮಾಣಕ್ಕೆ ಹೊಂದುವಂತೆ ಹಾಕಿರುವುದರಿಂದಲೇ ಫ್ಯಾಟಿನ ಶೇಕಡಾವಾರು ನೇರವಾಗಿ ಓದಲು ಸಿಗುತ್ತದೆ. ಹಾಲು ತಣ್ಣಗಿದ್ದು ಕೆನೆ ಮೇಲೆ ತೇಲುತ್ತಿದ್ದರೆ, ಅಥವಾ ಕ್ಯಾನು ಕುಲುಕಿದಾಗ ಎದ್ದ ನೊರೆ ಪಿಪೆಟ್ಟಿಗೆ (ದ್ರವವನ್ನು ಎಳೆದು ಅಳೆಯುವ ಗಾಜಿನ ಕೊಳವೆಗೆ) ಬಂದರೆ ಅಳತೆ ಕೆಡುತ್ತದೆ. ನೊರೆ ಇಳಿಯುವವರೆಗೆ ಕಾಯುವ ತಾಳ್ಮೆ ಬೆಳಗಿನ ಸರದಿಯಲ್ಲಿ ನಿಂತ ಜನರ ಮುಂದೆ ಯಾರಿಗೂ ಇರುವುದಿಲ್ಲ, ಜಗಳಗಳೂ ಅಲ್ಲಿಂದಲೇ ಶುರುವಾಗುತ್ತವೆ.

ಬೋರಿನ ನೀರಿನ ಗಡಸುತನ ನೋಡೋ ಕಿಟ್‌ನಲ್ಲಿ ಪ್ರತಿ ಸಲ ಬೇರೆ ಬೇರೆ ಹನಿ ಬರ್ತವೆ. ಕಿಟ್ ಸರಿಯಿಲ್ಲವಾ?

ಕಿಟ್ಟಿಗಿಂತ ಮೊದಲು ಕೈಯನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು. ಬಣ್ಣ ಬದಲಾಗುವವರೆಗೆ ಎಷ್ಟು ಹನಿ ಬಿದ್ದವು ಎಂದು ಎಣಿಸಿ ಗಡಸುತನ ಹೇಳುವ ಈ ವಿಧಾನದಲ್ಲಿ ಪ್ರತಿ ಹನಿಯೂ ಒಂದೇ ಗಾತ್ರದ್ದು ಎಂಬ ನಂಬಿಕೆ ಅಡಗಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಲಿಂಗಸುಗೂರು ಕಡೆಯ ಹಳ್ಳಿಯೊಂದರಲ್ಲಿ ಒಂದೇ ಬೋರಿನ ನೀರಿಗೆ ಎರಡು ಸಲ ಎರಡು ಉತ್ತರ ಕೊಟ್ಟು, ಸೇರಿದ ಜನರೆದುರು ಮುಖಭಂಗ ಅನುಭವಿಸಿದ್ದೆ. ಮೊದಲ ಸಲ ಬಾಟಲಿಯನ್ನು ನೆಟ್ಟಗೆ ಹಿಡಿದಿದ್ದೆ. ಎರಡನೆಯ ಸಲ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತೆಂದು ಪಕ್ಕಕ್ಕೆ ತಿರುಗಿ ಓರೆಯಾಗಿ ಹಿಡಿದಿದ್ದೆ. ಓರೆಯಾದ ಬಾಯಿಯಿಂದ ಹನಿ ಬೇರೆ ಗಾತ್ರದಲ್ಲಿ ಕಳಚುತ್ತದೆ ಎಂಬುದು ಆಮೇಲೆ ಕಾಲೇಜಿಗೆ ಬಂದು, ಹನಿಗಳನ್ನು ತಕ್ಕಡಿಯಲ್ಲಿ ತೂಗಿ ನೋಡಿದಾಗಲೇ ಮನದಟ್ಟಾಯಿತು. ಬಾಟಲಿ ನೆಟ್ಟಗಿರಲಿ, ಬಾಯಿ ಒರೆಸಿರಲಿ, ಒಂದು ಹನಿ ಪೂರ್ತಿ ಕಳಚಿದ ಮೇಲೆ ಇನ್ನೊಂದಕ್ಕೆ ಒತ್ತಿರಿ, ಮೂರು ಸಲ ಮಾಡಿ ಸರಾಸರಿ ಹಿಡಿಯಿರಿ.

## ಕಾಲೇಜಿನ ಪ್ರಯೋಗಾಲಯದಲ್ಲಿ

ಮಟ್ಟ ಮೇಲೆ ಓದಬೇಕೋ ಕೆಳಗೆ ಓದಬೇಕೋ? ಒಂದು ಗೆರೆ ತಪ್ಪಿದರೆ ಏನಾಗುತ್ತದೆ?

ಗಾಜಿನ ಕೊಳವೆಯಲ್ಲಿ ನೀರು ಅಂಚಿನಲ್ಲಿ ಮೇಲೇರಿ ನಡುವೆ ತಗ್ಗಾಗಿ ಬಟ್ಟಲಿನಂತೆ ನಿಲ್ಲುತ್ತದೆ. ಆ ತಗ್ಗಿನ ತಳವನ್ನು, ಕಣ್ಣನ್ನು ಅದೇ ಮಟ್ಟಕ್ಕೆ ತಂದು ಓದಬೇಕು. ಪೊಟ್ಯಾಸಿಯಂ ಪರ್ಮ್ಯಾಂಗನೇಟಿನಂಥ ಗಾಢ ಬಣ್ಣದ ದ್ರಾವಣದಲ್ಲಿ ತಳ ಕಾಣುವುದಿಲ್ಲವಾದ್ದರಿಂದ ಮೇಲಂಚನ್ನು ಓದುತ್ತೇವೆ. ಪಾದರಸ ನಡುವೆ ಉಬ್ಬಿರುತ್ತದೆ, ಅದರ ಉಬ್ಬಿನ ತುದಿಯನ್ನು ಓದಬೇಕು.

ಒಂದು ಗೆರೆಯ ಬೆಲೆ ಪಾತ್ರೆಯ ಅಗಲವನ್ನು ಅವಲಂಬಿಸಿದೆ. 5 ಸೆಂ.ಮೀ. ಅಗಲದ ಬೀಕರಿನಲ್ಲಿ ಕಣ್ಣು 1 ಮಿ.ಮೀ. ತಪ್ಪಿದರೆ ಸುಮಾರು 2 ಮಿ.ಲೀ. ತಪ್ಪುತ್ತದೆ, 2.6 ಸೆಂ.ಮೀ. ಅಗಲದ ಅಳತೆಜಾಡಿಯಲ್ಲಿ ಅರ್ಧ ಮಿ.ಲೀ., ಸುಮಾರು 1.1 ಸೆಂ.ಮೀ. ಒಳಅಗಲದ ಬ್ಯುರೆಟ್ಟಿನಲ್ಲಿ (ಕೆಳತುದಿಗೆ ನಲ್ಲಿ ಇರುವ ಗೆರೆಯ ಕೊಳವೆಯಲ್ಲಿ) 0.1 ಮಿ.ಲೀ. ಮಾತ್ರ. ಸಣ್ಣ ಅಳತೆಗೆ ಕೊಳವೆಗಳನ್ನು ಸಪೂರವಾಗಿ ಮಾಡಿರುವುದು ಇದಕ್ಕಾಗಿ. ಹಾಗೆಂದು ಸಪೂರಕ್ಕೂ ಮಿತಿಯಿದೆ: 1 ಮಿ.ಮೀ. ಒಳಅಗಲದ ಶುದ್ಧ ಗಾಜಿನ ಕೊಳವೆಯಲ್ಲಿ ನೀರು ತಾನಾಗಿಯೇ ಸುಮಾರು 3 ಸೆಂ.ಮೀ. ಏರಿ ನಿಲ್ಲುತ್ತದೆ, ಬಿಡು ಎಂದರೂ ಬಿಡುವುದಿಲ್ಲ.

ಪಿಪೆಟ್ಟಿನ ತುದಿಯಲ್ಲಿ ಉಳಿಯುವ ಕೊನೆಯ ಹನಿಯನ್ನು ಊದಬೇಕಾ ಬೇಡವಾ?

ನಡುವೆ ಉಬ್ಬಿರುವ ಒಂದೇ ಗೆರೆಯ ಪಿಪೆಟ್ಟಾದರೆ ಊದಬಾರದು. ಆ ಹನಿ ಉಳಿಯುತ್ತದೆ ಎಂದು ಲೆಕ್ಕಕ್ಕೆ ತೆಗೆದುಕೊಂಡೇ ತಯಾರಕರು ಗೆರೆ ಹಾಕಿರುತ್ತಾರೆ. ಪಿಪೆಟ್ಟನ್ನು ನೆಟ್ಟಗೆ ಹಿಡಿದು, ತುದಿಯನ್ನು ಓರೆಯಾದ ಫ್ಲಾಸ್ಕಿನ ಗೋಡೆಗೆ ತಾಗಿಸಿ, ತಾನಾಗಿ ಇಳಿಯುವುದೆಲ್ಲ ಇಳಿದ ಮೇಲೆ ಕೆಲವು ಸೆಕೆಂಡು ಕಾಯ್ದು ಎತ್ತಬೇಕು. ಗೋಡೆ ತನ್ನ ಪಾಲನ್ನು ಎಳೆದುಕೊಳ್ಳುತ್ತದೆ, ತುದಿಯೊಳಗೆ ಕಾಳಿನಷ್ಟು ಉಳಿಯುತ್ತದೆ, ಅದನ್ನು ಬಿಟ್ಟುಬಿಡಬೇಕು. ಮೇಲ್ತುದಿಯಲ್ಲಿ ಎರಡು ಬಳೆಯಂಥ ಪಟ್ಟಿಗಳು ಅಥವಾ ಮಬ್ಬು ಗಾಜಿನ ಪಟ್ಟಿ ಇರುವ ಗೆರೆಪಿಪೆಟ್ಟನ್ನು ಮಾತ್ರ ಊದಿ ಖಾಲಿ ಮಾಡಬೇಕು. ಪ್ರತಿ ವರ್ಷ ಪರೀಕ್ಷೆಯ ದಿನ ಕೊನೆಯ ಹನಿಯನ್ನು ಜಾಡಿಸಿ ಜಾಡಿಸಿ ಬೀಳಿಸುವ ಪ್ರಾಮಾಣಿಕರು ಒಬ್ಬಿಬ್ಬರಾದರೂ ಇದ್ದೇ ಇರುತ್ತಾರೆ.

ಬಾಯಿಂದ ಎಳೆದ್ರೆ ಬೇಗ ಆಗ್ತದೆ. ನೀರಿಗಾದ್ರೂ ಎಳೀಬಹುದಲ್ವಾ?

ಎಳೆಯಬಾರದು. ನೀರಿಗೆ ರೂಢಿಯಾದ ಬಾಯಿ ಆಮ್ಲಕ್ಕೂ ಹೋಗುತ್ತದೆ. ಪಿಪೆಟ್ಟಿನ ಮೇಲ್ತುದಿಗೆ ಸಿಕ್ಕಿಸಿ ದ್ರವ ಎಳೆಯುವ ರಬ್ಬರಿನ ಫಿಲ್ಲರ್ ಬಳಸಿರಿ.

ನಮ್ಮ ಬಿಸಿಲಿಗೂ ಅಳತೆಗೂ ಸಂಬಂಧ ಇದೆಯಾ?

ಇದೆ. ಬಳ್ಳಾರಿಯಲ್ಲಿ ಇರುವುದು ಬೇಸಿಗೆ, ಕಡುಬೇಸಿಗೆ ಎರಡೇ ಕಾಲ ಎಂದು ತಮಾಷೆ ಮಾಡುತ್ತಾರೆ. ರಾಯಚೂರಿನವರು ಅದರಲ್ಲೂ ಹಿಂದೆ ಬಿದ್ದವರಲ್ಲ. ಗಾಜಿನ ಉಪಕರಣದ ಮೇಲೆ 20 ಅಥವಾ 27 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿರುತ್ತದೆ, ಗೆರೆ ನಿಜವಾಗುವುದು ಆ ಉಷ್ಣಾಂಶದಲ್ಲಿ. 27 ಡಿಗ್ರಿಯಲ್ಲಿ 1 ಮಿ.ಲೀ. ನೀರು 0.9965 ಗ್ರಾಂ ತೂಗಿದರೆ 40 ಡಿಗ್ರಿಯಲ್ಲಿ 0.9922 ಗ್ರಾಂ ಮಾತ್ರ. ಮೇ ತಿಂಗಳ ಮಧ್ಯಾಹ್ನ 10 ಮಿ.ಲೀ. ಪಿಪೆಟ್ಟಿನಲ್ಲಿ ನೀವು ತೆಗೆದುಕೊಂಡ ದ್ರಾವಣ ಇದರಿಂದಾಗಿ 0.04 ಮಿ.ಲೀ.ನಷ್ಟು ಕಡಿಮೆಯಾಗುತ್ತದೆ, ಎ ದರ್ಜೆಯ, ಅಂದರೆ ಹೆಚ್ಚು ನಿಖರವಾದ ದರ್ಜೆಯ ಪಿಪೆಟ್ಟಿಗೆ ಅನುಮತಿಸಿರುವ ತಪ್ಪೇ 0.02 ಮಿ.ಲೀ. ಸ್ಪಿರಿಟ್, ಅಸಿಟೋನ್‌ಗಳು ನೀರಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತವೆ. ಎಲ್ಲ ದ್ರಾವಣಗಳನ್ನೂ ಒಂದೇ ಕೋಣೆಯಲ್ಲಿ ಒಂದೆರಡು ತಾಸು ಇಟ್ಟು, ಬೆಳಗಿನ ಹೊತ್ತು ಅಳೆದರೆ ಈ ತಪ್ಪು ಬಹುಪಾಲು ತಪ್ಪುತ್ತದೆ.

## ಮೈಕ್ರೋಪಿಪೆಟ್

ಗುಂಡಿ ಒತ್ತಿದಾಗ ಎರಡು ಕಡೆ ತಡೆ ಸಿಗ್ತದೆ. ಯಾವುದಕ್ಕೆ ಯಾವುದು?

1957ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಹೈನ್ರಿಶ್ ಶ್ನಿಟ್ಗರ್ ಎಂಬ ವೈದ್ಯ, ಬಾಯಿಂದ ಪಿಪೆಟ್ ಎಳೆಯುವ ಕೆಲಸಕ್ಕೆ ಬೇಸತ್ತು, ಸ್ಪ್ರಿಂಗ್ ಇರುವ ಪಿಸ್ಟನ್ನಿನ ಪಿಪೆಟ್ ಮಾಡಿದರು. ಗುಂಡಿಯನ್ನು ಮೊದಲ ತಡೆಯವರೆಗೆ ಒತ್ತಿ, ತುದಿಯನ್ನು ದ್ರವದಲ್ಲಿ ಎರಡು ಮೂರು ಮಿ.ಮೀ. ಮಾತ್ರ ಮುಳುಗಿಸಿ, ಮೆಲ್ಲಗೆ ಬಿಟ್ಟರೆ ನಿಗದಿಯಾದ ದ್ರವ ಏರುತ್ತದೆ. ಬಿಡುವಾಗ ಮೊದಲ ತಡೆಯವರೆಗೆ ಒತ್ತಿ, ಒಂದು ಕ್ಷಣ ನಿಂತು, ಎರಡನೆಯ ತಡೆಯವರೆಗೆ ಒತ್ತಿದರೆ ತುದಿಗೆ ಅಂಟಿದ ಶೇಷವನ್ನು ಗಾಳಿ ಹೊರದೂಡುತ್ತದೆ. ಹೊಸಬರು ಎಳೆಯುವಾಗಲೇ ಎರಡನೆಯ ತಡೆಯವರೆಗೆ ಒತ್ತಿ ಹೆಚ್ಚು ದ್ರವ ತುಂಬಿಕೊಳ್ಳುತ್ತಾರೆ. ಗುಂಡಿಯನ್ನು ಟಕ್ ಎಂದು ಬಿಟ್ಟರೆ ದ್ರವ ಮೇಲಕ್ಕೆ ಚಿಮ್ಮಿ ಪಿಸ್ಟನ್ ಸೇರುತ್ತದೆ, ಉಪಕರಣದ ಆಯುಷ್ಯ ಅಲ್ಲಿಂದ ಕ್ಷೀಣಿಸುತ್ತದೆ.

ಗ್ಲಿಸರಿನ್ ಏರೋದೇ ಇಲ್ಲ, ಅಸಿಟೋನ್ ನಿಲ್ಲೋದೇ ಇಲ್ಲ. ಪಿಪೆಟ್ ಕೆಟ್ಟಿದೆಯಾ?

ಎರಡೂ ದ್ರವಗಳ ಸ್ವಭಾವ ಅದು. ಸಾಮಾನ್ಯ ಮೈಕ್ರೋಪಿಪೆಟ್ಟಿನಲ್ಲಿ ಪಿಸ್ಟನ್ನಿಗೂ ದ್ರವಕ್ಕೂ ನಡುವೆ ಗಾಳಿಯ ಪದರವಿರುತ್ತದೆ. ಗ್ಲಿಸರಿನ್ನಿನ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ನೀರಿಗಿಂತ ಸಾವಿರ ಪಟ್ಟಿಗೂ ಹೆಚ್ಚು. ಗಾಳಿ ಹಿಗ್ಗಿದರೂ ದ್ರವ ತಡವಾಗಿ ಏರುತ್ತದೆ, ಬಿಡುವಾಗ ಗೋಡೆಗೆ ದಪ್ಪ ಪದರ ಉಳಿಯುತ್ತದೆ. ಇದಕ್ಕೆ ತಿರುವು ವಿಧಾನ ಒಳ್ಳೆಯದು: ಎರಡನೆಯ ತಡೆಯವರೆಗೆ ಒತ್ತಿ ಎಳೆದು, ಮೊದಲ ತಡೆಯವರೆಗೆ ಮಾತ್ರ ಒತ್ತಿ ಬಿಟ್ಟು, ತುದಿಯಲ್ಲಿ ಉಳಿದದ್ದನ್ನು ಎಸೆಯಬೇಕು. ಇನ್ನೂ ನಿಖರ ಬೇಕಿದ್ದರೆ ತೂಗುವುದೇ ಸರಿ. ಗ್ಲಿಸರಿನ್ 1 ಮಿ.ಲೀ.ಗೆ 1.26 ಗ್ರಾಂ ಎಂದು ಲೆಕ್ಕ ಹಿಡಿಯಬಹುದು. ಅಸಿಟೋನಿನದು ಇದಕ್ಕೆ ವಿರುದ್ಧ. ಅದು ಒಳಗಿನ ಗಾಳಿಯಲ್ಲಿ ಆವಿಯಾಗಿ ಒತ್ತಡ ಏರಿಸಿ, ತನ್ನನ್ನೇ ಹೊರದೂಡಿಕೊಂಡು ಹನಿಯುತ್ತದೆ. ನಾಲ್ಕೈದು ಸಲ ಎಳೆದು ಬಿಟ್ಟು ಒಳಗಿನ ಗಾಳಿಯನ್ನು ಆವಿಯಿಂದ ತುಂಬಿಸಿದ ಮೇಲೆ ಅಳೆದರೆ ನಿಲ್ಲುತ್ತದೆ.

2 ಮೈಕ್ರೋಲೀಟರ್ ಎಳೆದೆ, ಕಣ್ಣಿಗೆ ಕಂಡಿತು, ಟ್ಯೂಬಿನಲ್ಲಿ ನೋಡಿದರೆ ಇಲ್ಲ. ಎಲ್ಲಿ ಹೋಯಿತು?

ಸಾಮಾನ್ಯವಾಗಿ ಮೂರು ಕಡೆಗಳಲ್ಲಿ ಒಂದಕ್ಕೆ. ತುದಿಯ ಹೊರಮೈಗೆ ಹತ್ತಿ ನಿಮ್ಮೊಡನೆಯೇ ವಾಪಸು ಬಂದಿರಬಹುದು. ಟ್ಯೂಬಿನ ಮೇಲ್ಗೋಡೆಯಲ್ಲಿ ಸಾಸಿವೆಗಿಂತ ಸಣ್ಣ ಮಣಿಯಾಗಿ ಕುಳಿತಿರಬಹುದು. ಫ್ಯಾನಿನ ಕೆಳಗೆ, ಒಣಹವೆಯಲ್ಲಿ, ಮುಚ್ಚಳ ತೆರೆದಿಟ್ಟ ಟ್ಯೂಬಿನಿಂದ ಆವಿಯಾಗಿರಬಹುದು. ಗಾಳಿಯಲ್ಲಿ ಬೀಳಿಸಲು ಪ್ರಯತ್ನಿಸಬೇಡಿರಿ, ಅಷ್ಟು ಸಣ್ಣ ಹನಿಯ ಭಾರ ತುದಿಯ ಹಿಡಿತವನ್ನು ಬಿಡಿಸಲಾರದು. ಟ್ಯೂಬಿನಲ್ಲಿ ಮೊದಲು ದೊಡ್ಡ ಪ್ರಮಾಣದ ದ್ರಾವಣ ಹಾಕಿ, ತುದಿಯನ್ನು ಅದರಲ್ಲಿಯೇ ಮುಳುಗಿಸಿ ಬಿಟ್ಟು, ಒಂದೆರಡು ಸಲ ಮೇಲೆ ಕೆಳಗೆ ಎಳೆದು ತೊಳೆಯಿರಿ. ಸಾಧ್ಯವಿದ್ದರೆ ಮೂಲ ದ್ರಾವಣವನ್ನು ಹತ್ತು ಪಟ್ಟು ತೆಳುಮಾಡಿ 20 ಮೈಕ್ರೋಲೀಟರ್ ಹಾಕುವಂತೆ ಪ್ರಯೋಗವನ್ನೇ ಬದಲಿಸಿಕೊಳ್ಳಿರಿ.

ನಮ್ಮ ಪಿಪೆಟ್ ಸರಿ ಇದೆಯೋ ಇಲ್ಲವೋ ನಾವೇ ನೋಡಬಹುದಾ?

ಮಿಲಿಗ್ರಾಮಿನ ಹತ್ತನೆಯ ಒಂದು ಪಾಲು ತೋರಿಸುವ ತಕ್ಕಡಿ ಇದ್ದರೆ 100 ಮೈಕ್ರೋಲೀಟರಿನ ಪಿಪೆಟ್ಟನ್ನು ಒರಟಾಗಿ ಪರೀಕ್ಷಿಸಬಹುದು. ಬಟ್ಟಿ ಇಳಿಸಿದ ನೀರು, ತಕ್ಕಡಿ, ಪಿಪೆಟ್ ಮೂರನ್ನೂ ಒಂದೇ ಕೋಣೆಯಲ್ಲಿ ಇಟ್ಟು, ಫ್ಯಾನ್ ಆರಿಸಿ, ತುದಿಯನ್ನು ಮೂರು ಸಲ ತೇವ ಮಾಡಿ, ಸಣ್ಣ ಬಾಯಿಯ ಮುಚ್ಚಳವಿರುವ ಶೀಶೆಗೆ ಹತ್ತು ಸಲ ಹಾಕಿ ಪ್ರತಿ ಸಲದ ತೂಕ ಬರೆದುಕೊಳ್ಳಿರಿ. 30 ಡಿಗ್ರಿಯಲ್ಲಿ 100 ಮೈಕ್ರೋಲೀಟರ್ ನೀರು ತಕ್ಕಡಿಯ ಮೇಲೆ ಸುಮಾರು 99.5 ಮಿಲಿಗ್ರಾಂ ತೋರಿಸಬೇಕು. ಇಂಥ ಪಿಪೆಟ್ಟುಗಳ ಅಂತಾರಾಷ್ಟ್ರೀಯ ಮಾನದಂಡವಾದ ಐಎಸ್ಒ 8655ರಂತೆ ಈ ಗಾತ್ರದ ಪಿಪೆಟ್ಟಿನ ಸರಾಸರಿ 0.8 ಮೈಕ್ರೋಲೀಟರಿಗಿಂತ ಹೆಚ್ಚು ಆಚೀಚೆ ಆಗಬಾರದು. ಹತ್ತೂ ತೂಕಗಳು ಒಂದಕ್ಕೊಂದು ಹತ್ತಿರವಿದ್ದು ಸರಾಸರಿ ಮಾತ್ರ ತಪ್ಪಿದ್ದರೆ ಪಿಪೆಟ್ಟನ್ನು ಸರಿಪಡಿಸಲು ಕಳುಹಿಸಿರಿ. ತೂಕಗಳು ಚೆಲ್ಲಾಪಿಲ್ಲಿಯಾಗಿದ್ದರೆ ಮೊದಲು ಬೇರೊಬ್ಬರ ಕೈಗೆ ಅದೇ ಪಿಪೆಟ್ ಕೊಟ್ಟು ಇನ್ನೊಮ್ಮೆ ತೂಗಿ ನೋಡಿರಿ.